ಚಾಚಿದ ಕೈ

ಆಸ್ತಿ ಪಾಲಾದಾಗ ಅಪ್ಪನಿಗೆ ಮೋಸ ಮಾಡಿದ ದೊಡ್ಡಪ್ಪನ ಜೊತೆ ನಾನು ಮಾತು ಬಿಟ್ಟು ಆರು ವರ್ಷವಾಗಿತ್ತು. ಆಗ ಓದಿದ್ದು ಕೋರಿ ಟೆನ್ ಬೂಮ್ ಅವರ ಕಥೆ.

ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರ ರಿಪೇರಿಯ ದೈವಭಕ್ತ ಮನೆತನ. ಯೆಹೂದ್ಯರನ್ನು ಬಚ್ಚಿಟ್ಟರೆಂದು 1944ರಲ್ಲಿ ನಾಜಿಗಳು ಹಿಡಿದರು. ತಂದೆ ಹತ್ತೇ ದಿನಕ್ಕೆ ಸೆರೆಯಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ.

1947ರಲ್ಲಿ ಮ್ಯೂನಿಕ್‌ನ ಚರ್ಚಿನಲ್ಲಿ ಕೋರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದ್ದರಷ್ಟೆ. ಆ ಶಿಬಿರದ ಕಾವಲುಗಾರನೊಬ್ಬ ಎದುರು ಬಂದು ಕ್ಷಮೆ ಕೇಳಿ ಕೈ ಚಾಚಿದ. ಅವರ ಕೈ ಏಳಲೇ ಇಲ್ಲ. ತನ್ನಿಂದಾಗದ್ದನ್ನು ನಡೆಸಿಕೊಡೆಂದು ಯೇಸುವನ್ನು ಬೇಡಿ, ಬಲವಂತವಾಗಿ ಕೈ ನೀಡಿದರು. ಪ್ರೀತಿ ಬಂದದ್ದು ಆಮೇಲೆ. 1983ರಲ್ಲಿ ಕಾಲವಾದರು.

ಸಿಟ್ಟು ಇಳಿದ ಮೇಲೆ ಕ್ಷಮಿಸೋಣ ಅಂತ ಕಾಯ್ತಿದ್ದೆ ನಾನು. ಈ ರಜೆಗೆ ದೊಡ್ಡಪ್ಪನ ಮನೆಗೆ ಹೋಗ್ತೇನೆ. ಸಿಟ್ಟು ಆಮೇಲೆ ಇಳೀಲಿ.