ಗಾಲಿಯ ಮೇಲೆ ಗಟ್ಟಿ ಮನೆ ಕಟ್ಟಿದ ವಾಲಿ ಬೈಯಮ್

ಮಕ್ಕಳೇ, ಆಳಂದ, ಅಫಜಲಪುರ, ಜೇವರ್ಗಿಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಎಳೆದುಕೊಂಡು ಹೋಗುವ ಟ್ರಾಲಿಗಳನ್ನು ನೀವು ನೋಡಿದ್ದೀರಲ್ಲವೇ? ಅಂಥ ಟ್ರಾಲಿಯ ಮೇಲೆ ಪುಟ್ಟ ಮನೆಯೊಂದನ್ನು ಕಟ್ಟಿ, ಕಾರಿಗೆ ಜೋಡಿಸಿ ಊರೂರು ಸುತ್ತಿದರೆ ಹೇಗಿರುತ್ತದೆ? ಅದೇ ಪ್ರವಾಸಿ ಟ್ರೇಲರ್. ಅದನ್ನು ಬಹುಕಾಲ ಬಾಳುವಂತೆ ಕಟ್ಟಿದವರಲ್ಲಿ ಅಮೆರಿಕದ ವಾಲಿ ಬೈಯಮ್ ಪ್ರಮುಖರು.

ಬೈಯಮ್ 1896ರ ಜುಲೈ 4ರಂದು ಒರೆಗಾನ್ ರಾಜ್ಯದ ಬೇಕರ್ ಸಿಟಿಯಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದರು. ನಮ್ಮ ಕುರಿಗಾರರು ಸಾಮಾನನ್ನು ಕುದುರೆ, ಕತ್ತೆಗಳ ಮೇಲೆ ಹೇರುತ್ತಾರೆ. ಬೈಯಮ್‌ ಬಳಿ ಕತ್ತೆ ಎಳೆಯುವ ಎರಡು ಗಾಲಿಯ ಗಾಡಿ ಇತ್ತು. ಒಲೆ, ನೀರು, ಹಾಸಿಗೆ ಎಲ್ಲವೂ ಅದರಲ್ಲಿಯೇ!

ದೊಡ್ಡವರಾದ ಮೇಲೆ ಅವರು ಲಾಸ್ ಏಂಜಲೀಸ್‌ನಲ್ಲಿ ಪತ್ರಿಕೆ ನಡೆಸಿದರು. ಅದರಲ್ಲಿ ಟ್ರೇಲರ್ ಮಾಡುವ ವಿಧಾನ ಪ್ರಕಟವಾಯಿತು. ಅದರಂತೆ ಮಾಡಿದ ಓದುಗರು ನಕ್ಷೆ ಸರಿಯಿಲ್ಲವೆಂದು ದೂರಿದರು. ಬೈಯಮ್ ಕೋಪಿಸಿಕೊಳ್ಳಲಿಲ್ಲ. ತಾವೇ ಮಾಡಿ ನೋಡಿದರು, ದೂರು ನಿಜವಾಗಿತ್ತು. ಆಗ ಒಳಗೆ ನೆಟ್ಟಗೆ ನಿಲ್ಲಲು ಬರುವಂತೆ ನೆಲವನ್ನು ತಗ್ಗಿಸಿ, ಚಾವಣಿಯನ್ನು ಎತ್ತರಿಸಿದರು.

ಆ ಕಾಲದ ಹೆಚ್ಚಿನ ಟ್ರೇಲರ್‌ಗಳು ಮರದ ಚೌಕಟ್ಟಿನವು. ರಸ್ತೆಯ ಕುಲುಕಾಟಕ್ಕೆ ಮೊಳೆಗಳು ಸಡಿಲವಾಗುತ್ತಿದ್ದವು. ಸಂದುಗಳಲ್ಲಿ ಮಳೆನೀರು ಇಳಿದು ಮರ ಕೊಳೆಯುತ್ತಿತ್ತು. ಜನ ಕೂಡಿಟ್ಟ ಹಣವೂ ಅದರೊಂದಿಗೆ ಹಾಳಾಗುತ್ತಿತ್ತು.

ಇದಕ್ಕೆ ಉತ್ತರ ವಿಮಾನದಲ್ಲಿತ್ತು. ಗ್ಲೈಡರ್ ತಯಾರಕ ಹಾಲಿ ಬೋಲಸ್ 1934ರಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್‌ಗಳಿಂದ ಜೋಡಿಸಿ ದುಂಡನೆಯ ಟ್ರೇಲರ್ ಮಾಡಿದ್ದರು. ಅದರ ಬಾಗಿಲು ಮುಂಭಾಗದಲ್ಲಿ, ಕಾರಿಗೆ ಜೋಡಿಸುವ ಕೊಂಡಿಯ ಮೇಲಿತ್ತು. ಬೈಯಮ್ ಆ ವಿನ್ಯಾಸವನ್ನು ಸುಧಾರಿಸಿ, ಬಾಗಿಲನ್ನು ಪಕ್ಕಕ್ಕೆ ತಂದು, 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಟ್ರೇಲರ್ ಹೊರತಂದರು. ಬೆಲೆ 1,200 ಡಾಲರ್. ನಾಲ್ವರು ಮಲಗಬಹುದಿತ್ತು.

ತೆಳುವಾದ ಹಾಳೆ ಗಟ್ಟಿಯಾಗುವುದು ಹೇಗೆ? ಮಾಡಿ ನೋಡಿ. ಒಂದು ಕಾಗದವನ್ನು ನೆಟ್ಟಗೆ ನಿಲ್ಲಿಸಿ. ಬಾಗಿ ಬೀಳುತ್ತದೆ. ಅದನ್ನೇ ಕೊಳವೆಯಂತೆ ಸುತ್ತಿ ಅಂಟಿಸಿ ನಿಲ್ಲಿಸಿ, ಮೇಲೆ ನೋಟ್‌ಪುಸ್ತಕ ಇಡಿ. ಈಗ ಭಾರ ಹೊರುತ್ತದೆ! ಬಾಗಿದ ಆಕಾರದಲ್ಲಿ ಭಾರ ಸುತ್ತಲೂ ಹಂಚಿಹೋಗುತ್ತದೆ. ಕ್ಲಿಪ್ಪರ್‌ನಲ್ಲಿಯೂ ಒಳಗಿನ ಪಕ್ಕೆಲುಬುಗಳ ಜೊತೆಗೆ ಹೊರಗಿನ ಹಾಳೆಯೂ ಭಾರ ಹೊರುತ್ತಿತ್ತು. ಅಲ್ಯೂಮಿನಿಯಂ ಹಗುರ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ದುಂಡನೆಯ ಆಕಾರಕ್ಕೆ ಗಾಳಿಯ ತಡೆಯೂ ಕಡಿಮೆ.

ಆದರೆ ಇದರಲ್ಲಿ ದೋಷವೇ ಇರಲಿಲ್ಲ ಎನ್ನಬೇಡಿ. ಏರ್‌ಸ್ಟ್ರೀಮ್ ಟ್ರೇಲರ್‌ಗಳಿಗೆ ಬಹುಕಾಲ ಪ್ಲೈವುಡ್ ನೆಲವನ್ನೇ ಹಾಕುತ್ತಿದ್ದರು. ಕಿಟಕಿಯ ಅಂಚಿನಿಂದ ನೀರು ಸೋರಿದರೆ ನೆಲ ಕೊಳೆಯುತ್ತಿತ್ತು. ಗೋಡೆ ಎಷ್ಟು ಗಟ್ಟಿಯಿದ್ದರೂ ಸೋರುವ ಸಂದು ಸಾಕು, ಹಾನಿಗೆ.

ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ವಿಮಾನಗಳಿಗೆ ಬೇಕಾಯಿತು. ಬೈಯಮ್ ಕೆಲಸ ನಿಲ್ಲಿಸಿ ವಿಮಾನ ಕಾರ್ಖಾನೆ ಸೇರಿದರು. ಯುದ್ಧ ಮುಗಿದ ಮೇಲೆ ಮತ್ತೆ ಆರಂಭಿಸಿದರು. ತಮ್ಮ ಟ್ರೇಲರ್ ಎಷ್ಟು ಗಟ್ಟಿ ಎಂಬುದಕ್ಕೆ ರಸ್ತೆಯೇ ಪರೀಕ್ಷೆ ಎಂದು ಅವರು ನಂಬಿದ್ದರು. 1959–60ರಲ್ಲಿ ಆಫ್ರಿಕಾದ ಕೇಪ್‌ಟೌನ್‌ನಿಂದ ಕೈರೋವರೆಗೆ ಟ್ರೇಲರ್‌ಗಳ ಸಾಲನ್ನೇ ಕರೆದೊಯ್ದರು. ಎಲ್ಲಿ ಮುರಿಯಿತೋ ಅಲ್ಲಿ ರಿಪೇರಿ. ಏಕೆ ಮುರಿಯಿತು ಎಂಬುದೇ ಪಾಠ.

1962ರ ಜುಲೈ 22ರಂದು ಬೈಯಮ್ ತೀರಿಕೊಂಡರು. ಅವರ ಕಾಲದ ಹಲವು ಟ್ರೇಲರ್‌ಗಳು ಇಂದಿಗೂ ಬಳಕೆಯಲ್ಲಿವೆ.

ನಿಮ್ಮೂರಿನಲ್ಲಿ ನಿಂತಿರುವ ಒಂದು ಹಳೆಯ, ಒಂದು ಹೊಸ ಟ್ರಾಲಿಯನ್ನು ಹೋಲಿಸಿ ನೋಡಿ. ಎಲ್ಲಿ ಬೋಲ್ಟ್, ಎಲ್ಲಿ ರಿವೆಟ್, ಎಲ್ಲಿ ವೆಲ್ಡಿಂಗ್ ಇದೆ? ತುಕ್ಕು ಮೊದಲು ಎಲ್ಲಿ ಹಿಡಿದಿದೆ? ಬರೆದುಕೊಂಡು ಬಂದು ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.