ಗೊಂಬೆಗಳಿಗೆ ಮನೆ ಕಟ್ಟಿದ ಶಂಕರ್

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಾವು ಕೆಲವು ಕನ್ನಡ ಮಹಿಳೆಯರು ಮಕ್ಕಳಿಗಾಗಿ ಒಂದು ಪುಟ್ಟ ವಸ್ತುಸಂಗ್ರಹಾಲಯ ಮಾಡಬೇಕೆಂದು ಹಣ ಕೂಡಿಸಲು ಹೊರಟಿದ್ದೇವೆ. ಎರಡೂ ಊರುಗಳ ಕಾರ್ಯಕ್ರಮಗಳನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಾರ ಮನೆಗೆ ಹೋದರೂ ಎರಡು ಪ್ರಶ್ನೆಗಳು ಎದುರಾಗುತ್ತವೆ. ಶಾಲೆಗೆ, ಆಸ್ಪತ್ರೆಗೇ ದುಡ್ಡು ಸಾಲದಿರುವಾಗ ಮಕ್ಕಳಿಗೆ ಮ್ಯೂಸಿಯಂ ಯಾಕೆ? ಒಂದು ಸಂಜೆಯ ಕಾರ್ಯಕ್ರಮದಿಂದ ಬಂದ ಹಣ ಎಷ್ಟು ದಿನ ಬಾಳೀತು? ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವಕ್ಕೆ ನನಗೆ ಉತ್ತರ ಸಿಕ್ಕಿದ್ದು ವ್ಯಂಗ್ಯಚಿತ್ರಕಾರ ಶಂಕರ್ ಅವರ ಬದುಕಿನಲ್ಲಿ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೇಶವ ಶಂಕರ ಪಿಳ್ಳೈ ಹುಟ್ಟಿದ್ದು 1902ರ ಜುಲೈ 31ರಂದು, ಕೇರಳದ ಕಾಯಂಕುಳಂನಲ್ಲಿ. ಶಾಲೆಯಲ್ಲಿದ್ದಾಗ ತೂಕಡಿಸುತ್ತಿದ್ದ ಮೇಷ್ಟರ ಚಿತ್ರವನ್ನು ತರಗತಿಯಲ್ಲೇ ಬರೆದು ಮುಖ್ಯೋಪಾಧ್ಯಾಯರ ಕೋಪಕ್ಕೆ ಗುರಿಯಾದ ಹುಡುಗ ಅವರು. ಆ ಗೆರೆಗಳಲ್ಲಿ ಪ್ರತಿಭೆಯನ್ನು ಕಂಡು ಬೆನ್ನು ತಟ್ಟಿದವರು ಮನೆಯ ಹಿರಿಯರೊಬ್ಬರು. ಶಾಲೆ ಮುಗಿದ ಮೇಲೆ ಮಾವೇಲಿಕ್ಕರದ ರವಿವರ್ಮ ಚಿತ್ರಕಲಾ ಶಾಲೆಯಲ್ಲಿ ಕಲಿತರು. ನಾಟಕ, ಸ್ಕೌಟ್, ಸಾಹಿತ್ಯ ಚಟುವಟಿಕೆ ಎಲ್ಲದರಲ್ಲೂ ಮುಂದು. ನೆರೆ ಬಂದಾಗ ಸಂತ್ರಸ್ತರಿಗಾಗಿ ನಿಧಿ ಸಂಗ್ರಹಕ್ಕೆ ಇಳಿದು ಎಲ್ಲರೂ ಬೆರಗಾಗುವಷ್ಟು ಹಣ ಕೂಡಿಸಿದರಂತೆ. ಬೇರೆಯವರ ಕಷ್ಟಕ್ಕೆ ನಾಚಿಕೆಯಿಲ್ಲದೆ ಕೈಯೊಡ್ಡುವ ಈ ಗುಣ ಮುಂದೆ ಬಹಳ ಕೆಲಸಕ್ಕೆ ಬಂತು.

1927ರಲ್ಲಿ ತಿರುವನಂತಪುರದ ಮಹಾರಾಜಾ ವಿಜ್ಞಾನ ಕಾಲೇಜಿನಿಂದ ಪದವಿ ಪಡೆದು, ಕಾನೂನು ಓದಲು ಮುಂಬೈಗೆ ಬಂದರು. ಓದು ಅರ್ಧಕ್ಕೇ ನಿಂತು ನೌಕರಿ ಹಿಡಿದರು. ಬಿಡುವಿನಲ್ಲಿ ಬರೆದ ಚಿತ್ರಗಳು ಫ್ರೀ ಪ್ರೆಸ್ ಜರ್ನಲ್ ಮತ್ತು ಬಾಂಬೆ ಕ್ರಾನಿಕಲ್ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದವು. ಅವನ್ನು ಗಮನಿಸಿದವರು ಪೋಥನ್ ಜೋಸೆಫ್. ಈ ಹೆಸರು ಬೆಂಗಳೂರಿನ ಹಳೆಯ ಓದುಗರಿಗೆ ಹೊಸದಲ್ಲ, 1948ರಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್‌ನ ಮೊದಲ ಸಂಪಾದಕರು ಅವರೇ. ಅದಕ್ಕೂ ಮೊದಲು ದೆಹಲಿಯ ಹಿಂದೂಸ್ತಾನ್ ಟೈಮ್ಸ್ ಸಂಪಾದಕರಾಗಿದ್ದಾಗ, 1932ರಲ್ಲಿ, ಶಂಕರ್ ಅವರನ್ನು ಕರೆಸಿಕೊಂಡು ಪತ್ರಿಕೆಯ ಸ್ವಂತ ವ್ಯಂಗ್ಯಚಿತ್ರಕಾರರನ್ನಾಗಿ ಮಾಡಿದರು. 1946ರವರೆಗೆ ಶಂಕರ್ ಅಲ್ಲಿದ್ದರು. ನಡುವೆ ಸುಮಾರು 14 ತಿಂಗಳು ಲಂಡನ್ನಿನ ಕಲಾಶಾಲೆಗಳಲ್ಲಿ ತರಬೇತಿಯನ್ನೂ ಪಡೆದರು. ಅವರ ಕುಂಚಕ್ಕೆ ವೈಸರಾಯ್ ಎಂಬ ಹೆದರಿಕೆ ಇರಲಿಲ್ಲ, ನಮ್ಮ ನಾಯಕರೆಂಬ ದಾಕ್ಷಿಣ್ಯವೂ ಇರಲಿಲ್ಲ.

1948ರಲ್ಲಿ ಅವರದೇ ಪತ್ರಿಕೆ ‘ಶಂಕರ್ಸ್ ವೀಕ್ಲಿ’ ಹೊರಬಂತು. ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅದೇ ಪತ್ರಿಕೆಯಲ್ಲಿ ನೆಹರೂ ಎಷ್ಟು ಸಲ ಗೇಲಿಗೆ ಒಳಗಾದರೋ ಲೆಕ್ಕವಿಲ್ಲ, ಆದರೂ ಇಬ್ಬರ ಸ್ನೇಹ ಕೆಡಲಿಲ್ಲ. ಅಬು ಅಬ್ರಹಾಂ, ಕುಟ್ಟಿ, ಒ. ವಿ. ವಿಜಯನ್ ಮುಂತಾದವರು ಶಂಕರ್ ಗರಡಿಯಲ್ಲಿ ಪಳಗಿದವರು. ಭಾರತದ ರಾಜಕೀಯ ವ್ಯಂಗ್ಯಚಿತ್ರದ ಪಿತಾಮಹ ಎಂದು ಅವರನ್ನು ಕರೆಯುವುದು ಇದೇ ಕಾರಣಕ್ಕೆ.

ಇಷ್ಟು ಹೆಚ್ಚಿನವರಿಗೆ ಗೊತ್ತಿರುವ ಕಥೆ. ನನಗೆ ಮುಖ್ಯವೆನಿಸಿದ್ದು ಪತ್ರಿಕೆ ಶುರುವಾದ ಮರುವರ್ಷವೇ ಅವರು ಮಾಡಿದ ಇನ್ನೊಂದು ಕೆಲಸ. 1949ರಲ್ಲಿ ಮಕ್ಕಳಿಗಾಗಿ ಚಿತ್ರಕಲೆ ಮತ್ತು ಬರವಣಿಗೆಯ ಸ್ಪರ್ಧೆ ಏರ್ಪಡಿಸಿದರು. ಅದು ಮರುವರ್ಷವೇ ಅಂತಾರಾಷ್ಟ್ರೀಯ ಸ್ಪರ್ಧೆಯಾಯಿತು. 1952ರಿಂದ ಮಕ್ಕಳು ಒಂದೇ ಕಡೆ ಸೇರಿ ಸ್ಥಳದಲ್ಲೇ ಕುಳಿತು ಚಿತ್ರ ಬರೆಯುವ ಸ್ಪರ್ಧೆಯೂ ಸೇರಿಕೊಂಡಿತು. ಮುಂದೆ ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ದೆಹಲಿಯ ಆ ವಿಳಾಸಕ್ಕೆ ಚಿತ್ರ ಕಳಿಸುವಂತಾಯಿತು.

ಸ್ಪರ್ಧೆ ಎಂದರೆ ಬಹುಮಾನ ಬೇಕಲ್ಲ. ಐವತ್ತರ ದಶಕದ ಆರಂಭದಲ್ಲಿ ಹಂಗೇರಿಯ ರಾಯಭಾರಿ ಬಹುಮಾನವಾಗಿ ಕೊಡಿ ಎಂದು ತಮ್ಮ ದೇಶದ ಒಂದು ಗೊಂಬೆಯನ್ನು ಕೊಟ್ಟರು. ಅಲ್ಲಿನ ಹಳ್ಳಿಯ ಉಡುಪು ತೊಟ್ಟ ಆ ಗೊಂಬೆ ಶಂಕರ್ ಮನಸ್ಸನ್ನು ಹಿಡಿದುಬಿಟ್ಟಿತು. ಒಂದು ದೇಶ ಹೇಗೆ ಉಡುತ್ತದೆ, ಹೇಗೆ ಕುಣಿಯುತ್ತದೆ ಎನ್ನುವುದನ್ನು ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ನೆಹರೂ ಅವರ ವಿದೇಶ ಪ್ರವಾಸಗಳಲ್ಲಿ ಪತ್ರಕರ್ತರ ತಂಡದೊಂದಿಗೆ ಹೋಗುತ್ತಿದ್ದ ಶಂಕರ್, ಆಮೇಲೆ ಕಾಲಿಟ್ಟ ದೇಶದಲ್ಲೆಲ್ಲ ಗೊಂಬೆ ಹುಡುಕತೊಡಗಿದರು. ಹೀಗೆ ಸಂಗ್ರಹ ಸುಮಾರು 500ಕ್ಕೆ ಮುಟ್ಟಿತು.

ಅವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡಲು ಅವರಿಗೆ ಮನಸ್ಸಾಗಲಿಲ್ಲ. ಮಕ್ಕಳು ಬರೆದ ಚಿತ್ರಗಳ ಜೊತೆ ಗೊಂಬೆಗಳನ್ನೂ ಪೆಟ್ಟಿಗೆಗೆ ತುಂಬಿ, ಬಡ ಮಕ್ಕಳ ಅನುಕೂಲಕ್ಕಾಗಿ ಊರೂರಲ್ಲಿ ಪ್ರದರ್ಶನ ಮಾಡಿದರು. ಆದರೆ ಪ್ರತಿ ಸಲ ಕಟ್ಟುವುದು, ಬಿಚ್ಚುವುದು, ಸಾಗಿಸುವುದು, ಗೊಂಬೆಗಳು ಕೆಡತೊಡಗಿದವು. ದಸರಾ ಗೊಂಬೆಗಳನ್ನು ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸುವ ನಮಗೆ ಈ ಸಂಕಟ ಚೆನ್ನಾಗಿ ಗೊತ್ತು. ಹಳೆಯ ಸೀರೆಯಲ್ಲಿ ಎಷ್ಟು ಜೋಪಾನವಾಗಿ ಸುತ್ತಿಟ್ಟರೂ ಒಂದರ ಮೂಗು, ಇನ್ನೊಂದರ ಬೆರಳು ಹೋಗಿಯೇ ಇರುತ್ತದೆ. ದೆಹಲಿಯ ಪ್ರದರ್ಶನಕ್ಕೆ ನೆಹರೂ ಮತ್ತು ಇಂದಿರಾ ಗಾಂಧಿ ಬಂದಾಗ ಶಂಕರ್ ಈ ಕಷ್ಟವನ್ನು ಹೇಳಿಕೊಂಡರು. ಗೊಂಬೆಗಳಿಗೆ ಒಂದು ಶಾಶ್ವತ ಮನೆ ಮಾಡಬಾರದೇಕೆ ಎಂಬ ಸಲಹೆ ಬಂದದ್ದು ಇಂದಿರಾ ಅವರಿಂದ.

ಸಲಹೆ ಸಿಕ್ಕಿತು, ಮನೆ ಎಲ್ಲಿಂದ ಬರಬೇಕು? ಇದಕ್ಕೆ ಶಂಕರ್ ಆಗಲೇ ಒಂದು ಬುನಾದಿ ಹಾಕಿದ್ದರು. ನಮ್ಮ ಮಕ್ಕಳಿಗೆ ನಮ್ಮ ಕಥೆಗಳ ಒಳ್ಳೆಯ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗಬೇಕೆಂದು 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಸ್ಥಾಪಿಸಿದ್ದರು. ಅದಕ್ಕಾಗಿ ಸರ್ಕಾರದಿಂದ ಅವರು ಪಡೆದದ್ದು ಸಾಲ. ಸಾಲ ಎಂದರೆ ದುಡಿದು ತೀರಿಸಬೇಕು, ಆದ್ದರಿಂದ ಟ್ರಸ್ಟಿಗೆ ತನ್ನದೇ ಮುದ್ರಣಾಲಯ ಬಂತು, ಪುಸ್ತಕ ಮಾರಾಟ ಬಂತು. ಬಹಾದೂರ್ ಶಾ ಜಫರ್ ಮಾರ್ಗದಲ್ಲಿ ಟ್ರಸ್ಟಿನ ಕಟ್ಟಡ ‘ನೆಹರೂ ಹೌಸ್’ ಎದ್ದಿತು. ಗೊಂಬೆಗಳಿಗೆ ಜಾಗ ಸಿಕ್ಕಿದ್ದು ಅದರ ಮೊದಲ ಮಹಡಿಯಲ್ಲಿ. 1965ರ ನವೆಂಬರ್ 30ರಂದು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ‘ಶಂಕರ್ಸ್ ಇಂಟರ್‌ನ್ಯಾಷನಲ್ ಡಾಲ್ಸ್ ಮ್ಯೂಸಿಯಂ’ ಉದ್ಘಾಟಿಸಿದರು. ಹಿಂದೆ ಮೈಸೂರಿನಲ್ಲಿ ಪಾಠ ಹೇಳಿದ್ದ ನಮ್ಮ ಅದೇ ಮೇಷ್ಟರು.

ಸುಮಾರು 1,000 ಗೊಂಬೆಗಳಿಂದ ಶುರುವಾದ ಸಂಗ್ರಹ ಇಂದು 6,000 ದಾಟಿದೆ, ಸುಮಾರು 85 ದೇಶಗಳ ಗೊಂಬೆಗಳು ಅಲ್ಲಿವೆ. ಜಪಾನಿನ ಕಬುಕಿ ನಟರು, ಸ್ಪೇನಿನ ಫ್ಲಾಮೆಂಕೊ ನರ್ತಕಿಯರು, ಶ್ರೀಲಂಕಾದ ಕ್ಯಾಂಡಿ ಪೆರಹೆರಾ ಮೆರವಣಿಗೆ ಎಲ್ಲವೂ ಗಾಜಿನ ಪೆಟ್ಟಿಗೆಗಳಲ್ಲಿ. ಇಷ್ಟೊಂದು ಗೊಂಬೆಗಳನ್ನು ಹಣ ಕೊಟ್ಟು ಕೊಳ್ಳಲು ಹೊರಟಿದ್ದರೆ ಯಾವ ನಿಧಿಯೂ ಸಾಲುತ್ತಿರಲಿಲ್ಲ. ಶಂಕರ್ ಹಿಡಿದ ದಾರಿ ನಮ್ಮ ಹೆಂಗಸರಿಗೆ ಬಹಳ ಪರಿಚಿತವಾದದ್ದು: ಬಾಗಿನದ ಮೊರ ಬಂದರೆ ಖಾಲಿ ಮೊರ ಹಿಂದಿರುಗಿಸಬಾರದು. ಮ್ಯೂಸಿಯಂ ಜೊತೆಗೇ ಗೊಂಬೆ ತಯಾರಿಸುವ ಕಾರ್ಯಾಗಾರವೊಂದನ್ನು ಇಟ್ಟರು. ನಮ್ಮ ಬೇರೆ ಬೇರೆ ಪ್ರಾಂತ್ಯಗಳ ಉಡುಗೆ, ಒಡವೆ, ಮುಖಚರ್ಯೆಗಳನ್ನು ಸರಿಯಾಗಿ ಅಭ್ಯಾಸ ಮಾಡಿ ಕೈಯಲ್ಲೇ ತಯಾರಿಸಿದ ಗೊಂಬೆಗಳು ಅಲ್ಲಿ ರೂಪುಗೊಂಡವು. ವಿದೇಶದಿಂದ ಬಂದ ಉಡುಗೊರೆಗೆ ಪ್ರತಿಯಾಗಿ ಇವು ಹೋದವು, ಉಳಿದವು ಮಾರಾಟವಾದವು. ಈ ಗೊಂಬೆಗಳಿಗೆ 1980ರಲ್ಲಿ ಪೋಲೆಂಡಿನ ಕ್ರಾಕೊವ್ ನಗರದ ಗೊಂಬೆಗಳ ಮೇಳದಲ್ಲಿ ಮೊದಲ ಬಹುಮಾನವೂ ಬಂತು.

1968ರಲ್ಲಿ ‘ಚಿಲ್ಡ್ರನ್ಸ್ ವರ್ಲ್ಡ್’ ಮಾಸಪತ್ರಿಕೆ ಆರಂಭವಾಯಿತು. ಅದೇ ಕಟ್ಟಡದಲ್ಲಿ ಡಾ. ಬಿ. ಸಿ. ರಾಯ್ ಹೆಸರಿನ ಮಕ್ಕಳ ಗ್ರಂಥಾಲಯವೂ ತೆರೆಯಿತು. ಶಂಕರ್ ಸ್ವತಃ ಮಕ್ಕಳಿಗಾಗಿ ಬರೆದರು, ಚಿತ್ರ ಬಿಡಿಸಿದರು. ಅಷ್ಟರಲ್ಲಿ ತುರ್ತುಪರಿಸ್ಥಿತಿ ಬಂತು. ಹೆಸರು ತಂದುಕೊಟ್ಟ ‘ಶಂಕರ್ಸ್ ವೀಕ್ಲಿ’ 1975ರ ಆಗಸ್ಟ್ 31ಕ್ಕೆ ನಿಂತುಹೋಯಿತು. ಎಪ್ಪತ್ತಮೂರರ ವಯಸ್ಸಿನಲ್ಲಿ 27 ವರ್ಷದ ಶ್ರಮ ಹೀಗೆ ಮುಗಿದರೆ ಯಾರಾದರೂ ಕೈಚೆಲ್ಲಿ ಕೂರಬಹುದಿತ್ತು. ಅವರಿಗೆ ಮರುದಿನವೂ ಹೋಗಲು ಒಂದು ಜಾಗವಿತ್ತು, ಕಾಯುವ ಮಕ್ಕಳಿದ್ದರು. 1976ರಲ್ಲಿ ಪದ್ಮವಿಭೂಷಣ ಬಂತು. 1977ರಲ್ಲಿ ಪೋಲೆಂಡಿನ ಮಕ್ಕಳು ತಾವು ಮೆಚ್ಚಿದ ಹಿರಿಯರಿಗೆ ಕೊಡುವ ‘ಆರ್ಡರ್ ಆಫ್ ದಿ ಸ್ಮೈಲ್’ ಬಂತು. 1978ರಲ್ಲಿ ಮಕ್ಕಳ ಪುಸ್ತಕ ಬರೆಯುವವರಿಗಾಗಿ ಹೊಸದೊಂದು ಸ್ಪರ್ಧೆಯನ್ನೂ ಆರಂಭಿಸಿದರು. 1989ರ ಡಿಸೆಂಬರ್ 26ರಂದು ತೀರಿಕೊಂಡರು. ದೊಡ್ಡವರಿಗಾಗಿ ಅವರು ಕಟ್ಟಿದ ಪತ್ರಿಕೆ ಇಂದು ಹಳೆಯ ಸಂಚಿಕೆಗಳಲ್ಲಷ್ಟೇ ಇದೆ. ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ ಅವರ ನಂತರವೂ ಉಳಿದಿದೆ.

ನಮ್ಮ ಮೊದಲ ಪ್ರಶ್ನೆಗೆ ಆ ಹಂಗೇರಿಯ ಗೊಂಬೆಯೇ ಉತ್ತರ ಹೇಳಿದೆ. ಎರಡನೆಯದಕ್ಕೆ ಶಂಕರ್ ನಡೆದ ದಾರಿ ನೋಡಬೇಕು. ಅವರು ನಿಧಿ ಕೂಡಿಸಿ ಆಮೇಲೆ ಕೆಲಸ ಶುರು ಮಾಡಿದವರಲ್ಲ. ಸ್ಪರ್ಧೆಯಿಂದ ಗೊಂಬೆ ಬಂತು, ಗೊಂಬೆಯಿಂದ ಪ್ರದರ್ಶನ, ಪ್ರದರ್ಶನ ನೋಡಿದವರಿಂದ ಮನೆಯ ಯೋಚನೆ. ಮೊದಲ ಗೊಂಬೆಗೂ ಉದ್ಘಾಟನೆಗೂ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮನೆಯಾದ ಮೇಲೂ ಅದನ್ನು ನಡೆಸಲು ಪುಸ್ತಕ, ಮುದ್ರಣಾಲಯ, ಕಾರ್ಯಾಗಾರಗಳ ದುಡಿಮೆ ಇತ್ತು.

ಹಾಗಾಗಿ ನಮ್ಮ ಎರಡೂ ಊರುಗಳ ಗೆಳತಿಯರಲ್ಲಿ ನನ್ನದೊಂದು ವಿನಂತಿ. ಟಿಕೆಟ್ ಮಾರುವ ಸಂಜೆಗಳು ಇರಲಿ, ಅದರ ಜೊತೆಗೆ ನವರಾತ್ರಿಯ ಗೊಂಬೆ ಪ್ರದರ್ಶನವನ್ನು ವರ್ಷ ವರ್ಷವೂ ತಪ್ಪದೆ ಎರಡೂ ಕಡೆ ನಡೆಸೋಣ. ತವರಿನಿಂದ ಬರುವಾಗ ಚನ್ನಪಟ್ಟಣದ್ದೋ ಕಿನ್ನಾಳದ್ದೋ ಒಂದು ಗೊಂಬೆಯನ್ನು ಮಕ್ಕಳ ಸಂಗ್ರಹಕ್ಕೆಂದು ತನ್ನಿ. ನಾಸಿಕ್ ಜಿಲ್ಲೆಯ ಯೇವಲಾದಲ್ಲೂ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲೂ ಪೈಠಣಿ ನೇಯುತ್ತಾರೆ, ಸಂಭಾಜಿನಗರದ ಹಿಮ್ರೂ ಬಟ್ಟೆಗೂ ಹೆಸರಿದೆ. ಉಳಿದ ತುಂಡುಗಳಲ್ಲಿ ನಾವೇ ಗೊಂಬೆಗಳಿಗೆ ಸೀರೆ ಉಡಿಸಿ, ಬೇರೆ ಊರಿನ ಕನ್ನಡ ಸಂಘಗಳಿಗೆ ಕಳಿಸಿ, ಅವರ ಕಡೆಯ ಗೊಂಬೆಯನ್ನು ಕೇಳಿ ತರಿಸೋಣ. ಹೊಲಿಗೆ ಬಲ್ಲವರು, ಲೆಕ್ಕ ಬರೆಯಬಲ್ಲವರು, ಮಕ್ಕಳಿಗೆ ಕಥೆ ಹೇಳಬಲ್ಲವರು ದಯವಿಟ್ಟು ಹೆಸರು ಕೊಡಿ. ಜಾಗ ಸಿಗುವ ಹೊತ್ತಿಗೆ ಒಳಗಿಡಲು ನಮ್ಮ ಬಳಿ ಗೊಂಬೆಗಳಿರಬೇಕು, ಅವುಗಳ ಕಥೆ ಬಲ್ಲ ಮಕ್ಕಳೂ ಇರಬೇಕು. ದೆಹಲಿಗೆ ಹೋದವರು ಐಟಿಒ ಹತ್ತಿರದ ನೆಹರೂ ಹೌಸ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಮರೆಯಬೇಡಿ.