ಕಟ್ಟು ಬಿಚ್ಚಿಸಿದ ದಿನದ ಲೆಕ್ಕ

ರೋಗಿಯ ಕೈಕಾಲು ಕಟ್ಟಿದರೆ ಹೇಗೆ, ಏಕೆ, ಎಷ್ಟು ಹೊತ್ತು ಎಂದು ಬರೆದಿಡಬೇಕು. ಕ್ರೋಂಪೇಟೆಯಲ್ಲಿ ಆಸ್ಪತ್ರೆಗಳ ಸಾಫ್ಟ್‌ವೇರ್ ಬರೆಯುವ ನಾನು ಈ ಕಾಲಂಗಳ ಮೂಲ ಹುಡುಕಿಕೊಂಡು ಹೋದಾಗ ಸಿಕ್ಕವರು ಡಾ. ಜಾನ್ ಕಾನಲಿ.

ಕಾನಲಿ ಹುಟ್ಟಿದ್ದು 1794ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. 1821ರಲ್ಲಿ ಎಡಿನ್‌ಬರಾದಲ್ಲಿ ವೈದ್ಯ ಪದವಿ, 1828ರಲ್ಲಿ ಲಂಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ. ಮನೋರೋಗದ ಹೆಸರಿನಲ್ಲಿ ಜನರನ್ನು ಸಿಕ್ಕಾಪಟ್ಟೆ ಕೂಡಿಹಾಕುವುದು ತಪ್ಪು ಎಂದು 1830ರಲ್ಲೇ ಪುಸ್ತಕ ಬರೆದರು.

ಅಷ್ಟರಲ್ಲಿ ಲಿಂಕನ್ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಒಂದು ದುರಂತವಾಗಿತ್ತು. 1829ರಲ್ಲಿ ರಾತ್ರಿಯಿಡೀ ಹಾಸಿಗೆಗೆ ಕಟ್ಟಿಹಾಕಿದ್ದ ರೋಗಿಯೊಬ್ಬ, ಪಕ್ಕದಲ್ಲಿ ಯಾರೂ ಇಲ್ಲದೆ ಸತ್ತ. ಆಮೇಲೆ ಅಲ್ಲಿ ಕಟ್ಟಿದ ಪ್ರತಿ ಗಂಟೆಯ ಲೆಕ್ಕವೂ ಪುಸ್ತಕಕ್ಕೆ ಬಂತು. 1830ರಲ್ಲಿ 92 ರೋಗಿಗಳ ಪೈಕಿ 54 ಮಂದಿಯನ್ನು ಒಟ್ಟು 27 ಸಾವಿರಕ್ಕೂ ಹೆಚ್ಚು ಗಂಟೆ ಕಟ್ಟಿದ್ದರು. 1837ರಲ್ಲಿ 130 ಮಂದಿಯಲ್ಲಿ ಇಬ್ಬರನ್ನು, ಬರೀ 28 ಗಂಟೆ. ಕೊನೆಗೆ ಅದನ್ನು ಪೂರ್ತಿ ನಿಲ್ಲಿಸಿದವರು ರಾಬರ್ಟ್ ಗಾರ್ಡಿನರ್ ಹಿಲ್ ಎಂಬ ತರುಣ ವೈದ್ಯ.

1839ರಲ್ಲಿ ಲಂಡನ್ ಬಳಿಯ ಹ್ಯಾನ್‌ವೆಲ್ ಆಸ್ಪತ್ರೆಗೆ ನೇಮಕಗೊಂಡ ಕಾನಲಿ, ಲಿಂಕನ್ನಿಗೆ ಹೋಗಿ ಇದನ್ನು ಕಣ್ಣಾರೆ ಕಂಡರು. ಹ್ಯಾನ್‌ವೆಲ್‌ನಲ್ಲಿ ಸುಮಾರು 800 ರೋಗಿಗಳು. ಇಂದು ಎಷ್ಟು ಜನರನ್ನು ಕಟ್ಟಿದ್ದೀರಿ ಎಂಬ ವರದಿ ದಿನವೂ ತಮ್ಮ ಮೇಜಿಗೆ ಬರಬೇಕೆಂದು ಜುಲೈ 1ರಿಂದ ಕಡ್ಡಾಯ ಮಾಡಿದರು. ಆಮೇಲೆ ಯಾವ ದಿನವೂ ಆ ಸಂಖ್ಯೆ 18 ದಾಟಲಿಲ್ಲ. ಸೆಪ್ಟೆಂಬರ್ 21ರ ಹೊತ್ತಿಗೆ ಸೊನ್ನೆಯಾಯಿತು.

ಅವರ ಬದುಕಿನಲ್ಲಿ ಕಪ್ಪು ಚುಕ್ಕೆಯೂ ಇದೆ. ಮುಪ್ಪಿನಲ್ಲಿ, ತಮಗೆ ಹಣ ಕೊಡುತ್ತಿದ್ದ ಖಾಸಗಿ ಆಸ್ಪತ್ರೆಗೇ ಒಬ್ಬರನ್ನು ಸೇರಿಸಲು ಪ್ರಮಾಣಪತ್ರ ಕೊಟ್ಟು, ಮೊಕದ್ದಮೆಯಲ್ಲಿ ಸೋತರು. 1866ರಲ್ಲಿ ಹ್ಯಾನ್‌ವೆಲ್‌ನಲ್ಲೇ ತೀರಿಕೊಂಡರು. ವೈದ್ಯರು ಎಷ್ಟೇ ದೊಡ್ಡವರಿರಲಿ, ಅವರ ಒಳ್ಳೆಯತನವನ್ನಷ್ಟೇ ನಂಬಿ ಕೂರಲಾಗದು. ಬೇರೆಯವರು ತೆರೆದು ನೋಡಬಹುದಾದ ದಾಖಲೆ ಬೇಕು ಅನ್ನುವುದು ಇದರಿಂದ ನನಗೆ ಮನವರಿಕೆಯಾಯಿತು.

ನಮ್ಮಲ್ಲಿ ಈ ಪಾಠ ತಡವಾಗಿ ಬಂತು. ಇದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಮಂದಿ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ಬೇರೆ ದಾರಿಯೇ ಇಲ್ಲದಾಗ ಕಟ್ಟಿದರೂ ಮನೋವೈದ್ಯರ ಅನುಮತಿ ಬೇಕು; ವಿಧಾನ, ಕಾರಣ, ಅವಧಿಯನ್ನು ತಕ್ಷಣ ಬರೆಯಬೇಕು; ರೋಗಿ ನೇಮಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಸಾಲದು ಎಂದು ಕಟ್ಟುವಂತಿಲ್ಲ.

ಕಷ್ಟ ಇರುವುದು ಆ ‘ತಕ್ಷಣ’ದಲ್ಲಿ. ರಾತ್ರಿ ಪಾಳಿಯ ನರ್ಸ್ ಎಂಟು ಗಂಟೆಯ ವಿವರವನ್ನು ಬೆಳಗ್ಗೆ ಒಟ್ಟಿಗೆ ತುಂಬಿದರೆ ಫಾರಂ ಭರ್ತಿಯಾಗುತ್ತದೆ, ಆದರೆ ನಡುವೆ ಯಾರಾದರೂ ಹೋಗಿ ನೋಡಿದ್ದರೇ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಬರೆದ ಸಮಯವನ್ನು ಕಂಪ್ಯೂಟರೇ ಗುರುತಿಸಬೇಕು, ಹಿಂದಿನ ಕಾರಣವನ್ನು ನಕಲು ಮಾಡಲು ಬಿಡಬಾರದು, ಅವಧಿ ಮುಗಿದರೆ ವೈದ್ಯರಿಗೆ ಸೂಚನೆ ಹೋಗಬೇಕು. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ದೂರ ಇರುವ ನಾವು, ಅವರು ಆಸ್ಪತ್ರೆ ಸೇರಿದಾಗ ಬಿಲ್ ಜೊತೆಗೆ ಇದನ್ನೂ ಕೇಳೋಣ: ಕೈ ಕಟ್ಟಿದ್ದಿರಾ, ಎಲ್ಲಿ ಬರೆದಿದ್ದೀರಿ?